ಪ್ರಾಂಪ್ಟರ್ ಇಲ್ಲದ ಸೀಸನ್

ಬಿಡು, ಬಿಡು, ಆ ಸ್ಟೂಲು ಅಲ್ಲೇ ಬಿಡು! ಅದು ಕಂಪನಿಯದು ಕಣೇ, ನಿಮ್ಮಪ್ಪ ಕೊಡಿಸಿದ್ದಲ್ಲ. ಇಷ್ಟು ವರ್ಷ ಅದರ ಮೇಲೆ ಕೂತೆ ಅಂತ ಅದು ನಿನ್ನದಾಗಿಬಿಡುತ್ತಾ? ಹಾಗಿದ್ದರೆ ನಾನು ಎಷ್ಟು ಸಿಂಹಾಸನ ಹೊತ್ತುಕೊಂಡು ಮನೆಗೆ ಬರಬೇಕಿತ್ತು, ಹ್ಹಹ್ಹ... ದಿಂಬಾ? ದಿಂಬು ತಗೋ. ಆ ಚಪ್ಪಟೆ ದಿಂಬು ಯಾರಿಗೆ ಬೇಕು.

ಬಾ, ಕೂತ್ಕೋ. ಗಂಟುಮೂಟೆ ಆಮೇಲೆ ಕಟ್ಟಿದರಾಯಿತು. ಇಲ್ಲಿ ಕೂತ್ಕೋ, ಕನ್ನಡಿ ಮುಂದೆ. ಸುತ್ತ ಬಲ್ಬು ಹಾಕಿಕೊಂಡು ಮುಖ ನೋಡಿಕೊಳ್ಳೋದು ಅಂದರೇನು ಅಂತ ನಿನಗೂ ಗೊತ್ತಾಗಲಿ. ಪ್ರಾಂಪ್ಟರ್ ಕೆಲಸಕ್ಕೆ ಮುಖ ಯಾಕೆ ಬೇಕು? ಪರದೆ ಮರೆಯಲ್ಲಿ ಒಂದು ಪುಟಾಣಿ ದೀಪ, ತೊಡೆ ಮೇಲೆ ಪುಸ್ತಕ, ಮರೆತವರಿಗೆ ಮಾತು ಪಿಸುಗುಟ್ಟೋದು, ಮುಗೀತು. ದೇವರು ನಿನ್ನ ಮುಖ ನೋಡಿಯೇ ಆ ಕೆಲಸ ಕೊಟ್ಟ ಅಂತ... ಅಯ್ಯೋ, ತಮಾಷೆಗೆ ಅಂದೆ! ಇಷ್ಟು ಕಾಲ ಸಂಸಾರ ಮಾಡಿದವಳಿಗೆ ಗಂಡನ ತಮಾಷೆ ಅರ್ಥ ಆಗಲ್ವಾ? ಸರಿ, ಸರಿ. ಕನ್ನಡಿಗೆ ಬೆನ್ನು ಹಾಕಿಕೊಂಡೇ ಕೂತ್ಕೋ. ಅದಕ್ಕೂ ನೆಮ್ಮದಿ.

ನನಗೆ ಇವತ್ತು ಎಷ್ಟು ಖುಷಿ ಗೊತ್ತಾ? ಕುಣೀಬೇಕು ಅನ್ನಿಸ್ತಿದೆ. ಕಾಲೇಜಿನಿಂದ ರಿಟೈರ್ ಆದ ದಿನ ಪ್ರಿನ್ಸಿಪಾಲರು ಭಾಷಣದಲ್ಲಿ "ಇನ್ನಾದರೂ ಮೇಷ್ಟ್ರು ವಿಶ್ರಾಂತಿ ತಗೊಳ್ಳಲಿ" ಅಂದರಲ್ಲ, ನಾನು ಮನಸ್ಸಿನಲ್ಲೇ ಅಂದುಕೊಂಡೆ, ವಿಶ್ರಾಂತಿ ನಿನ್ನ ತಲೆ! ಇಷ್ಟು ದಿನ ಹಗಲು ಅರ್ಥಶಾಸ್ತ್ರ, ಸಂಜೆ ನಾಟಕ. ಇನ್ನು ಮೇಲೆ ಬೆಳಿಗ್ಗೆ ನಾಟಕ, ಮಧ್ಯಾಹ್ನ ನಾಟಕ, ಸಂಜೆ ನಾಟಕ. ನೀನೂ ಸ್ಕೂಲು ಬಿಟ್ಟು ನನ್ನ ಹಿಂದೆಯೇ ಬಂದೆ. ಇಲ್ಲಿಯವರು ನಿನಗೆ "ಪಿಸುಟೀಚರ್" ಅಂತ ಹೆಸರಿಟ್ಟರು. ನಾನೆಷ್ಟು ನಕ್ಕೆ ಆವತ್ತು. ಪಿಸುಟೀಚರ್! ಮಕ್ಕಳ ಮೇಲೆ ಕಿರುಚಿ ಕಿರುಚಿ ಸವೆದ ಗಂಟಲು ಕೊನೆಗೆ ಪಿಸುಪಿಸುವಿಗೆ ಬಂತು.

ಹೋಗಲಿ, ಸೀಸನ್ ಕೇಳು. ಕತ್ತರಿ ಇನ್ನೂ ವೇದಿಕೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೀತಿದ್ದಾಳೆ, ಕರೆಯೋಕೆ ಹೊತ್ತಿದೆ. ಹೊಸ ಡೈರೆಕ್ಟರಿಗೆ ಕತ್ತರಿ ಅಂತ ಹೆಸರಿಟ್ಟದ್ದು ನಾನೇ ಅಂತ ಅವಳಿಗೆ ಹೇಳಿಬಿಡಬೇಡ ಮತ್ತೆ. ಬಂದ ವಾರವೇ ನನ್ನ ಮಾತುಗಳಲ್ಲಿ ಅರ್ಧ ಕತ್ತರಿಸಿದಳು, ಇನ್ನೇನು ಅನ್ನಲಿ? "ಸಾರ್, ಕಡಿಮೆ ಇದ್ದರೆ ನಿಮಗೇ ಸುಲಭ" ಅಂದಳು. ನನಗೆ ಸುಲಭ ಅಂತೆ! ನಾನು ಅವಳ ವಯಸ್ಸಿನಲ್ಲಿ... ಇರಲಿ.

ಈ ಸಲ ನಾಲ್ಕು ನಾಟಕ. ಮೊದಲನೆಯದು "ಸೇತುವೆ ಕಾವಲುಗಾರ". ಅದನ್ನ ಕೊನೆಗೆ ಹೇಳ್ತೀನಿ, ಅದು ನಂದು. ಎರಡನೆಯದು "ಮೂರು ಬಾಗಿಲ ಮನೆ", ಬರೀ ನಗು. ಒಂದು ಬಾಗಿಲಿಂದ ಗಂಡ ಒಳಗೆ ಬಂದರೆ ಇನ್ನೊಂದರಿಂದ ಅತ್ತೆ ಆಚೆ ಹೋಗ್ತಾಳೆ, ಮೂರನೆಯದರಿಂದ ಯಾರು ಬರ್ತಾರೆ ಅಂತ ಬರೆದವನಿಗೂ ಗೊತ್ತಿಲ್ಲ. ಮೂರನೆಯದು ಮಕ್ಕಳಿಗೆ, "ಹಲ್ಲಿಲ್ಲದ ಹುಲಿ". ಹುಲಿ ಯಾರು ಹೇಳು ನೋಡೋಣ? ಹಲ್ಲಿನ ಡಾಕ್ಟರು! ನಮ್ಮ ಅಧ್ಯಕ್ಷರು! ಹಗಲೆಲ್ಲ ಊರಿನವರ ಹಲ್ಲು ಕೀಳೋದು, ಸಂಜೆ ಬಂದು ಹಲ್ಲಿಲ್ಲದ ಹುಲಿಯಾಗೋದು! ನಾನು ಮೀಟಿಂಗಿನಲ್ಲೇ ಅಂದುಬಿಟ್ಟೆ, "ಡಾಕ್ಟರೇ, ಕಿತ್ತ ಹಲ್ಲುಗಳ ಶಾಪ ತಟ್ಟಿತು ನೋಡಿ" ಅಂತ. ಮೇಜು ಬಡಿದು ಬಡಿದು ನಕ್ಕರು ಎಲ್ಲ. ನಮ್ಮ ರೇಡಿಯೋದವನು, ಆ ಗಂಟಲು ಕೂಡ ನಕ್ಕ, ಅವನು ನಗೋದೇ ಅಪರೂಪ. ನಾಲ್ಕನೆಯದು... ನಾಲ್ಕನೆಯದು "ಮೂರು ಬಾಗಿಲ ಮನೆ". ಬರೀ ನಗು. ಒಂದು ಬಾಗಿಲಿಂದ ಗಂಡ ಒಳಗೆ ಬಂದರೆ... ಏನು? ಯಾಕೆ ಬೆರಳು ಮಡಚ್ತಿದ್ದೀಯ?

ಹೇಳಿದೆನಾ? ಹೇಳಿದೆ. ಗೊತ್ತು ನನಗೆ, ಹೇಳಿದೆ. ನೀನು ಕೇಳಿಸಿಕೊಳ್ತಿದ್ದೀಯೋ ಇಲ್ಲವೋ ಅಂತ ಪರೀಕ್ಷೆ ಮಾಡಿದೆ. ಕ್ಲಾಸಿನಲ್ಲೂ ಹಾಗೇ ಮಾಡ್ತಿದ್ದೆ, ಹಿಂದಿನ ಬೆಂಚಿನವರು ಸಿಕ್ಕಿಬೀಳೋರು. ನಾಲ್ಕನೆಯದರ ಹೆಸರಲ್ಲೇನಿದೆ, ಯಾವುದೋ ಒಂದು. ಅಲ್ಲಿ ನನಗೆ ಪಾತ್ರ ಇಲ್ಲ.

ಈಗ ಕೇಳು, "ಸೇತುವೆ ಕಾವಲುಗಾರ". ಅಬ್ಬಬ್ಬಾ, ಎಂಥ ಪಾತ್ರ ಅಂತೀಯ! ಒಬ್ಬ ಮುದುಕ. ಜೀವಮಾನ ಪೂರ್ತಿ ಒಂದು ಸೇತುವೆ ಕಾದವನು. ಆಚೆ ದಡದಿಂದ ಸೈನ್ಯ ಬರ್ತಿದೆ, ಸೇತುವೆ ಕೆಡವಿಬಿಡು ಅಂತ ಆಜ್ಞೆ ಬಂದಿದೆ, ಇವನ ಹೆಂಡತಿ ಇನ್ನೂ ಆಚೆ ದಡದಲ್ಲೇ ಇದ್ದಾಳೆ. ಕೆಡವಬೇಕೋ, ಕಾಯಬೇಕೋ? ಮೂರನೇ ಅಂಕ ಪೂರ್ತಿ ಅವನೊಬ್ಬನೇ. ವೇದಿಕೆ ಮೇಲೆ ಇನ್ನೊಂದು ಜೀವ ಇಲ್ಲ, ಕುರ್ಚಿ ಇಲ್ಲ, ಸಂಗೀತ ಇಲ್ಲ. ಬರೀ ಮಾತು. ಇಂಥ ಪಾತ್ರಕ್ಕೆ ಕಾದು ಕಾದು ನನ್ನ ಕೂದಲು ಹಣ್ಣಾಯಿತು ಕಣೇ. ಇದು ಕೈತಪ್ಪಿದರೆ ಇನ್ನೇನು, ಅಜ್ಜನ ಪಾತ್ರ. ಮೂಲೆಯಲ್ಲಿ ಕೂತು ಕೆಮ್ಮೋದು. ಮೊದಲ ಅಂಕದಲ್ಲಿ ಕೆಮ್ಮು, ಎರಡನೆಯದರಲ್ಲಿ ಫೋಟೋ! ಅದಕ್ಕಿಂತ ಸಾಯೋದು ಮೇಲು.

ಗಂಟಲಿಗೂ ಅದರ ಮೇಲೇ ಕಣ್ಣು. ಅವನು ರೇಡಿಯೋದಲ್ಲಿ ವಾರ್ತೆ ಓದಿ ಬೆಳೆದವನು, ಗಂಟಲು ಬಿಟ್ಟರೆ ಮಿಕ್ಕದ್ದು ಮರದ ಕೊರಡು. ನಿಂತರೆ ಕಂಬ, ಕೂತರೆ ಮೂಟೆ. ಆದರೆ ಒಂದು ಮಾತು, ಅವನು ಸಾಲು ಮರೆಯಲ್ಲ. ಅದೊಂದು ಪ್ರತಿಭೆಯಾ? ಗಿಳಿಯೂ ಮರೆಯಲ್ಲ.

ಅದಕ್ಕೇ ಈ ಕಂಪನಿಯ ಹಳೇ ಪದ್ಧತಿ ನೋಡಿದರೆ ನನಗೆ ಮೈ ಉರಿಯುತ್ತೆ. ನಟ ಎಷ್ಟೇ ಚೆನ್ನಾಗಿ ಅಭಿನಯಿಸಲಿ, ಅತ್ತು ಅಳಿಸಲಿ, ಪಾತ್ರ ಹಂಚೋ ದಿನ ಕೊನೆಗೆ ಅಧ್ಯಕ್ಷರು ಎಲ್ಲರನ್ನೂ ಬಿಟ್ಟು ಪ್ರಾಂಪ್ಟರ್ ಕಡೆ ತಿರುಗೋದು. "ಇವರನ್ನ ನಂಬಿ ಪರದೆ ಎತ್ತಬಹುದಾ?" ಅಂತ ಕೇಳೋದು. ಪ್ರಾಂಪ್ಟರ್ "ಎತ್ತಬಹುದು" ಅಂದರೆ ಪಾತ್ರ, "ಬೇಡ" ಅಂದರೆ ಇಲ್ಲ. ಎಂಥ ಅನ್ಯಾಯ! ಯಾವ ನಟ ಎಲ್ಲಿ ಎಡವುತ್ತಾನೆ ಅಂತ ಪ್ರಾಂಪ್ಟರ್ ಒಬ್ಬರಿಗೇ ಗೊತ್ತಂತೆ. ಕತ್ತಲೆಯಲ್ಲಿ ಕೂತವರ ಕೈಗೆ ತಕ್ಕಡಿ. ಹಿಂದೊಮ್ಮೆ ಹಳೇ ಡೈರೆಕ್ಟರ್ ತಮ್ಮನಿಗೇ ನೀನು "ಬೇಡ" ಅಂದೆಯಲ್ಲ, ಆವತ್ತು ನಾನು ನಿನ್ನ ಬೆನ್ನು ತಟ್ಟಿದ್ದೆ. ಭಲೇ, ನನ್ನ ಹೆಂಡತಿ ಅಂದರೆ ಹೀಗಿರಬೇಕು ಅಂದಿದ್ದೆ. ಏನು ಹಾಗೆ ನೋಡ್ತೀಯ? ನ್ಯಾಯ ಬೇರೆಯವರಿಗೆ ಆದಾಗ ನೋಡೋಕೆ ಚೆಂದ.

ಇರಲಿ. ಬೆಳಿಗ್ಗೆ ಸಮಿತಿಯವರು ನಿನ್ನನ್ನ ಕರೆದು ಏನಂದರು? "ಟೀಚರ್, ಈ ಸೀಸನ್ನಿಗೆ ಪ್ರಾಂಪ್ಟರ್ ಬೇಡ ಅಂತ ತೀರ್ಮಾನ ಮಾಡಿದ್ದೀವಿ, ನೀವು ಆರೋಗ್ಯ ನೋಡಿಕೊಳ್ಳಿ" ಅಂದರು. ಎಷ್ಟು ಮರ್ಯಾದೆಯಿಂದ ಅಂದರು! ಆ ಕತ್ತರಿ ನಿನ್ನ ಕೈ ಬೇರೆ ಹಿಡಕೊಂಡಳು. ನೀನು ಒಂದು ಮಾತು ಆಡದೆ ಎದ್ದು ಬಂದೆ. ಯಾಕೆ, ಏನು, ಯಾರು ಹೇಳಿದ್ದು ಅಂತ ಕೇಳಬಾರದಿತ್ತಾ? ಈಗಲಾದರೂ ಕೇಳು. ಕೇಳಲ್ವಾ? ಸರಿ, ನಾನೇ ಹೇಳ್ತೀನಿ. ನಾನೇ!

ಹೌದು ಕಣೇ, ನಾನೇ ಹೇಳಿದ್ದು. ನಿನ್ನೆ ಮೀಟಿಂಗಿನಲ್ಲಿ ಎದ್ದು ನಿಂತೆ. ಕನ್ನಡಕ ತೆಗೆದು ಒರೆಸಿಕೊಂಡೆ. ಆ ಒರೆಸೋದು ಚೆನ್ನಾಗಿ ಬಂತು. "ನನ್ನ ಬಾಯಿಂದ ಇದನ್ನ ಹೇಳಿಸಬೇಡಿ ಅಂತ ಬೇಡಿಕೊಂಡೆ, ಆದರೂ ಹೇಳಬೇಕಾಗಿದೆ. ನನ್ನ ಹೆಂಡತಿಗೆ ಮರೆವು ಶುರುವಾಗಿದೆ" ಅಂದೆ. ಹಲ್ಲಿನ ಡಾಕ್ಟರ ಕಣ್ಣಲ್ಲಿ ನೀರು! ಹಲ್ಲು ಕೀಳುವಾಗ ಎಷ್ಟು ಜನರನ್ನ ಅಳಿಸಿದ್ದಾರೋ, ನಿನ್ನೆ ನಾನು ಅವರನ್ನ ಅಳಿಸಿದೆ. ವೇದಿಕೆ ಇಲ್ಲ, ಬಣ್ಣ ಇಲ್ಲ, ದೀಪ ಇಲ್ಲ, ಆದರೂ ಕಲೆ ನೋಡು.

ಹುಬ್ಬು ಇಳಿಸು. ನಿನ್ನ ಒಳ್ಳೆಯದಕ್ಕೇ ಹೇಳಿದ್ದು. ಮರೆವು ಇಲ್ವಾ ನಿನಗೆ? ಇಲ್ಲ ಅಂತೀಯಾ? ಆ ಹಾಲಿನ ಪಾತ್ರೆ? ಸುಟ್ಟು ಕರಿ ಇದ್ದಲಾಯಿತು, ಮನೆಯೆಲ್ಲ ಹೊಗೆ, ಪಕ್ಕದ ಮನೆಯವರು ಬಾಗಿಲು ಬಡಿದರು. ಒಲೆ ಹಚ್ಚಿದ್ದು ನಾನು, ಒಪ್ತೀನಿ. ಆದರೆ ಮನೆಯಲ್ಲಿ ಇದ್ದವಳು ನೀನಲ್ವಾ? ಗಂಡ ಒಲೆ ಹಚ್ಚಿ ಪೇಪರ್ ತರೋಕೆ ಹೋದರೆ ಹೆಂಡತಿಯಾದವಳು ನೋಡಬೇಡ್ವಾ? ಸ್ನಾನ ಮಾಡ್ತಿದ್ದೆ ಅನ್ನೋದು ಒಂದು ನೆಪವೇನೇ?

ಮತ್ತೆ ಹಳೇ ಮನೆ ವಿಷಯ? ಅದನ್ನೂ ಹೇಳಿದೆ ಅವರಿಗೆ. ನಾವು ಖಾಲಿ ಮಾಡಿ ಎಷ್ಟೋ ವರ್ಷವಾದ ಬಾಡಿಗೆ ಮನೆಗೆ ಹೋಗಿ, ಬೀಗದ ಕೈ ತೂರಿಸಿ, ತಿರುಗಿಸಿ ತಿರುಗಿಸಿ... ಬಾಗಿಲು ತೆಗೆದವನು ಅರ್ಧ ಗಡ್ಡ ಬೋಳಿಸಿಕೊಂಡವನು, ಇನ್ನರ್ಧ ಕೆನ್ನೆ ತುಂಬ ನೊರೆ, ಹೆಗಲ ಮೇಲೆ ಹಳದಿ ಟವೆಲು. "ಯಾರು ಬೇಕಿತ್ತು?" ಅಂತಾನೆ. ಅವನ ಹಿಂದೆ ನಮ್ಮ ಹಜಾರದಲ್ಲಿ ಯಾರದೋ ಸೋಫಾ, ಯಾರದೋ ಮಗುವಿನ ಸೈಕಲ್ಲು. ಎದೆ ಧಸಕ್ಕೆಂದಿತು. ಮೈಯೆಲ್ಲ ತಣ್ಣಗೆ... ಅಂದರೆ, ನಿನ್ನದು. ನಿನ್ನ ಎದೆ. ಏನು? ನನಗೆ ಹೇಗೆ ಗೊತ್ತು ಅಂದರೆ? ನೀನೇ ಹೇಳಿದ್ದು! ನೀನೇ ಹೇಳಿ, ಹೇಳಿದ್ದನ್ನೂ ಮರೆತಿದ್ದೀಯ. ಇದಕ್ಕೇ ನಾನು ಹೇಳೋದು.

ತಲೆ ಅಲ್ಲಾಡಿಸಬೇಡ. ತಲೆ ಅಲ್ಲಾಡಿಸಿದರೆ ಆಗಿದ್ದು ಆಗಿಲ್ಲ ಅಂತ ಆಗಲ್ಲ.

ಗೊತ್ತು, ಗೊತ್ತು, ನಿನ್ನ ತಲೆಯಲ್ಲಿ ಓಡ್ತಿರೋದು ಕಳೆದ ಸೀಸನ್ನಿನ ಕೊನೇ ಪ್ರದರ್ಶನ. "ಔಷಧಿ ಅಂಗಡಿ". ಅದನ್ನ ಇನ್ನೂ ಎಷ್ಟು ದಿನ ಜಗೀತೀಯ? ನಾನು ಔಷಧಿ ಅಂಗಡಿಯವನು, ಎರಡನೇ ಅಂಕ, ಜನ ನಕ್ಕು ನಕ್ಕು ಸುಸ್ತಾಗಿದ್ದಾರೆ. ಕಾಂಪೌಂಡರಿಗೆ ನಾನು "ಆ ಕಿಟಕಿ ಮುಚ್ಚಪ್ಪ, ಗಾಳಿ ಬರ್ತಿದೆ" ಅನ್ನಬೇಕು, ಅಂದೆ. ಈಗ ನಮ್ಮ ಗ್ರಹಚಾರ, "ಕಪ್ತಾನ" ನಾಟಕದಲ್ಲೂ ಸಾಯೋ ಮುಂಚೆ ಕಪ್ತಾನ ಅದೇ ಮಾತು ಆಡ್ತಾನೆ, ಅಕ್ಷರ ಅಕ್ಷರ ಅದೇ. ಎರಡೂ ನಾಟಕ ವಾರ ಬಿಟ್ಟು ವಾರ ಆಡ್ತಿದ್ದೆವು, ಕಪ್ತಾನನೂ ನಾನೇ. ಕಿಟಕಿ ಮುಚ್ಚಪ್ಪ ಅಂದದ್ದೇ ತಡ, ಬಾಯಿ ತನ್ನಷ್ಟಕ್ಕೆ ತಾನೇ ಹಡಗು ಹತ್ತಿತು! "ಅಲೆಗಳು ನನ್ನನ್ನು ಕರೆಯುತ್ತಿವೆ ಗೆಳೆಯಾ" ಅಂದೆ. ಕಾಂಪೌಂಡರ್ ಕೈಯಲ್ಲಿ ಕೆಮ್ಮಿನ ಸಿರಪ್ಪು, ಬಾಯಿ ತೆರೆದದ್ದು ತೆರೆದ ಹಾಗೇ. ನಾನು ಅಂಗಡಿ ಮೇಜಿನ ಮೇಲೆ ಮಲಗಿ ಕೈ ಜೋತುಬಿಟ್ಟು ಸತ್ತೇ ಹೋದೆ. ಇನ್ನೊಂದು ಅಂಕ ಬಾಕಿ ಇದೆ! ಆ ಅಂಕದಲ್ಲಿ ನನ್ನ ಮದುವೆ!

ನಗೋರು ನಕ್ಕರು. ಇವತ್ತಿಗೂ ಪೇಟೆ ಬೀದಿಯಲ್ಲಿ ಹೋದರೆ "ಕಪ್ತಾನರೇ, ಕೆಮ್ಮಿಗೆ ಏನಿದೆ?" ಅಂತಾರೆ. ಸಾಯಲಿ. ಆದರೆ ತಪ್ಪು ಯಾರದು? ನಾನು ಸಮಿತಿಯವರಿಗೆ ಸ್ಪಷ್ಟವಾಗಿ ಹೇಳಿದೆ. ಆವತ್ತು ಅವಳು ತಪ್ಪು ಪುಸ್ತಕ ಹಿಡಕೊಂಡು ಕೂತಿದ್ದಳು, "ಔಷಧಿ ಅಂಗಡಿ" ಬದಲು "ಕಪ್ತಾನ". ಅಲೆಗಳು ಅಂತ ಪಿಸುಗುಟ್ಟಿದ್ದು ಅವಳೇ, ಹೆಂಡತಿ ಕೊಟ್ಟ ಮಾತು ಅಂತ ನಂಬಿ ಹೇಳಿದೆ, ಇಷ್ಟೇ ನನ್ನ ತಪ್ಪು ಅಂದೆ. ಅಷ್ಟರಲ್ಲಿ ಆ ಗಂಟಲು ಬಾಯಿ ಹಾಕಬೇಕಾ? "ಇಲ್ಲ, ನಾನು ಮುಂದಿನ ಸಾಲಿನಲ್ಲಿದ್ದೆ, ಟೀಚರ್ 'ಕೆಮ್ಮು ಎಷ್ಟು ದಿನದಿಂದ, ಕೆಮ್ಮು ಎಷ್ಟು ದಿನದಿಂದ' ಅಂತ ಮತ್ತೆ ಮತ್ತೆ ಕೊಡ್ತಿದ್ದದ್ದು ನಮಗೆಲ್ಲ ಕೇಳಿಸ್ತಿತ್ತು" ಅಂದ. ಕೇಳಿಸಿತಂತೆ! ಮುಂದಿನ ಸಾಲಿಗೆಲ್ಲ ಕೇಳಿಸಿದ್ದು ನನಗೊಬ್ಬನಿಗೇ ಯಾಕೆ ಕೇಳಿಸಲಿಲ್ಲ ಹಾಗಾದರೆ? ಹ್ಞಾ? ನಾನು ಸಮುದ್ರದ ನಡುವೆ ಇದ್ದೆ, ಆ ಗಾಳಿಯಲ್ಲಿ ಹೇಗೆ ಕೇಳಿಸಬೇಕು?

ಯಾಕೆ ಹಾಗೆ ನೋಡ್ತೀಯ? ಕಣ್ಣು ಬೇರೆ ಕಡೆ ತಿರುಗಿಸು.

ನೋಡು, ನಾನು ಕೆಟ್ಟವನಲ್ಲ. ಮಗಳಿಗೆ ಫೋನ್ ಮಾಡಿದ್ದೇನೆ. ಭಾನುವಾರ ಬರ್ತಾಳೆ, ನಿನ್ನನ್ನ ಕರೆದುಕೊಂಡು ಹೋಗ್ತಾಳೆ. ಯಾರೋ ದೊಡ್ಡ ಡಾಕ್ಟರಂತೆ, ತಲೆಗೆ ಸಂಬಂಧಪಟ್ಟವರು, ತೋರಿಸ್ತಾಳಂತೆ. ಪಾಪ, ಫೋನಿನಲ್ಲೇ ಅತ್ತಳು. "ಅಮ್ಮ ನನ್ನ ಹತ್ತಿರ ಎಲ್ಲ ಸರಿಯಾಗೇ ಮಾತಾಡ್ತಾಳಲ್ಲ ಅಪ್ಪ" ಅಂದಳು. "ಮುಚ್ಚಿಡ್ತಾಳೆ ಮಗಾ, ಈ ಕಾಯಿಲೆಯವರು ಮುಚ್ಚಿಡೋದರಲ್ಲಿ ಬಲು ಜಾಣರು" ಅಂದೆ. ಎಷ್ಟು ನಿಜ ಅಲ್ವಾ? ಮುಚ್ಚಿಡೋಕೆ ಎಷ್ಟು ಜಾಣತನ ಬೇಕು ನಿನಗೆ ಗೊತ್ತಿಲ್ಲ. ಎಲ್ಲರಿಗಿಂತ ಮುಂಚೆ ನಗಬೇಕು, ಎಲ್ಲರಿಗಿಂತ ಜಾಸ್ತಿ ಮಾತಾಡಬೇಕು, ಹೆಸರು ಬಾಯಿಗೆ ಬರದಿದ್ದರೆ ಅಡ್ಡಹೆಸರು ಇಟ್ಟುಬಿಡಬೇಕು... ಅಂತ ಎಲ್ಲೋ ಓದಿದೆ.

ಸ್ವಲ್ಪ ದಿನ ಮಗಳ ಮನೆಯಲ್ಲೇ ಇರು. ಸೀಸನ್ ಮುಗಿಯೋವರೆಗೆ. ಅವಳ ಮನೆಯ ಹಿಂದಿನ ಕೋಣೆ ಇದೆಯಲ್ಲ, ಇಸ್ತ್ರಿ ಮೇಜು ಇಟ್ಟಿರೋದು, ಅದನ್ನ ಖಾಲಿ ಮಾಡಿಸ್ತಾಳಂತೆ. ಕಿಟಕಿ ಇಲ್ಲ, ಅದೊಂದೇ ಕೊರತೆ. ನಿನಗೇನು, ಕತ್ತಲೆ ಅಭ್ಯಾಸ ಇದೆ. ಹ್ಹಹ್ಹ... ನಗು ಬರಲಿಲ್ವಾ? ಮೊದಲೆಲ್ಲ ನನ್ನ ಮಾತಿಗೆ ಎಷ್ಟು ನಗ್ತಿದ್ದೆ. ನನ್ನ ಮಾತು ಮುಗಿಯೋ ಮುಂಚೆಯೇ ನಗು ಶುರು. ನಾನು ಮುಂದೇನು ಹೇಳ್ತೀನಿ ಅಂತ ನಿನಗೆ ನನಗಿಂತ ಮುಂಚೆ ಗೊತ್ತಿರ್ತಿತ್ತು.

ಈಗ ಒಂದು ಸಣ್ಣ ವಿಷಯ. ತೀರಾ ಸಣ್ಣದು.

ಹಲ್ಲಿನ ಡಾಕ್ಟರು ಹಟ ಹಿಡಿದಿದ್ದಾರೆ. ಪ್ರಾಂಪ್ಟರ್ ಇಲ್ಲದ ಸೀಸನ್ ಆದರೂ ಇವತ್ತು ಕಾವಲುಗಾರನ ಪಾತ್ರ ಹಂಚೋದು ಹಳೇ ಪದ್ಧತಿಯಲ್ಲೇ ಆಗಲಿ, ಟೀಚರಿಗೆ ಅದು ಕೊನೆಯ ಗೌರವ ಅಂತಾರೆ. ನಾನು ಬೇಡ ಅಂದೆ. ಅವಳಿಗೆ ಕಷ್ಟ ಆಗುತ್ತೆ, ಪ್ರಶ್ನೆಯೇ ಅರ್ಥ ಆಗದೆ ಹೋಗಬಹುದು ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಕತ್ತರಿಯೂ ಅವರ ಜೊತೆ ಸೇರಿಕೊಂಡಳು. ಅದಕ್ಕೇ ಓಡಿ ಬಂದೆ ಇಲ್ಲಿಗೆ. ಇನ್ನೇನು, ಕೇಳ್ತಾರೆ ನಿನ್ನನ್ನ. "ಇವರನ್ನ ನಂಬಿ ಪರದೆ ಎತ್ತಬಹುದಾ?" ಅಂತ. ನೀನು "ಎತ್ತಬಹುದು" ಅನ್ನಬೇಕು. ಅಷ್ಟೇ. ಒಂದೇ ಪದ. ಇಷ್ಟು ಕಾಲ ನನಗೆ ಸಾವಿರಗಟ್ಟಲೆ ಪದ ಕೊಟ್ಟಿದ್ದೀಯ, ಇನ್ನೊಂದು ಕೊಟ್ಟರೆ ಸವೆದು ಹೋಗ್ತೀಯಾ?

ಒಂದು ಸಲ ಹೇಳಿ ತೋರಿಸು. ಎತ್ತ-ಬಹುದು.

"ಬೇಡ" ಅನ್ನಬೇಕು ಅಂತಿದ್ದೀಯಾ? ಅನ್ನು, ಅನ್ನು ನೋಡೋಣ! ಯಾರು ನಂಬ್ತಾರೆ? ಮರೆವಿನ ಹೆಂಗಸು, ಗಂಡನಿಗೂ ಗಂಟಲಿಗೂ ವ್ಯತ್ಯಾಸ ಗೊತ್ತಾಗದೆ ಏನೋ ಅಂದಳು ಅಂತಾರೆ. ಅದಕ್ಕೂ ದಾರಿ ಮಾಡಿಟ್ಟಿದ್ದೇನೆ. ಬೇಡ ಅಂದರೆ ಕಾಯಿಲೆ, ಎತ್ತಬಹುದು ಅಂದರೆ ಪದ್ಧತಿ. ಅರ್ಥಶಾಸ್ತ್ರದ ಮೇಷ್ಟ್ರ ತಲೆ ಕಣೇ ಇದು. ಇನ್ನೂ ಓಡುತ್ತೆ. ನೀನು ಏನೇ ಅಂದರೂ ನನಗೆ ನಷ್ಟವಿಲ್ಲ.

ಮತ್ತೆ... ಮೊದಲ ಪ್ರದರ್ಶನಕ್ಕೆ ಬಾ. ಅದಕ್ಕೊಂದು ಬರಲೇಬೇಕು. ಮಗಳಿಗೆ ನಾನು ಹೇಳ್ತೀನಿ, ಕರೆದುಕೊಂಡು ಬರ್ತಾಳೆ. ಮುಂದಿನ ಸಾಲು, ನಟ್ಟನಡುವೆ. ಆ ಕೆಂಪು ಸ್ವೆಟರ್ ಹಾಕಿಕೋ, ದೂರದಿಂದಲೂ ಕಣ್ಣಿಗೆ ಬೀಳುತ್ತೆ. ತು... ತುಟಿಗೆ ಸ್ವಲ್ಪ ಬಣ್ಣ ಹಚ್ಚಿಕೋ. ಯಾಕೆ ಅಂದರೆ? ಚೆಂದ ಕಾಣಲಿ ಅಂತ! ಗಂಡನ ನಾಟಕ ನೋಡುವಾಗ ಹೆಂಡತಿ ಜೊತೆಜೊತೆಗೇ ತುಟಿ ಆಡಿಸಿದರೆ ಜನ ಎಷ್ಟು ಪ್ರೀತಿ ಅಂತಾರೆ. ಮೂರನೇ ಅಂಕ ಪೂರ್ತಿ ಆಡಿಸಿದರೂ ತೊಂದರೆ ಇಲ್ಲ. ನಾನು ಅಷ್ಟು ಹೊತ್ತೂ ನಿನ್ನನ್ನೇ ನೋಡ್ತೀನಿ. ಬೇರೆ ಎಲ್ಲೂ ನೋಡಲ್ಲ.

ಏಯ್, ಯಾಕೆ ನಗ್ತೀಯ ಈಗ? ಇದರಲ್ಲಿ ನಗೋಕೆ ಏನಿದೆ?

ಬೆಳಿಗ್ಗೆ ಬಚ್ಚಲುಮನೆಯಲ್ಲಿ ಕಾವಲುಗಾರನ ಆ ಭಾಷಣ ಪೂರ್ತಿ ಹೇಳಿದೆನಲ್ಲ. ಎಲ್ಲಾದರೂ ನಿಂತೆನಾ? ನೀರು ಸುರೀತಿತ್ತು, ನಾನು ಹೇಳ್ತಿದ್ದೆ, ನೀನು ಬಾಗಿಲಾಚೆ ನಿಂತು ಪದ ಕೊಡ್ತಿದ್ದೆ. ಯಾರು ಕೊಡು ಅಂದರು? ಕೊಡದಿದ್ದರೂ ಬರ್ತಿತ್ತು. ನಿನಗೆ ಕೊಡೋದು ಚಟ. ಅದನ್ನ ನಾನು ಲೆಕ್ಕಕ್ಕೆ ಹಿಡಿಯಲ್ಲ.

ಬಂದರು... ಹೆಜ್ಜೆ ಸದ್ದು. ಏಳು, ಏಳು. ಕಣ್ಣು ಒರೆಸಿಕೋ. ಅತ್ತಿಲ್ವಾ? ಒಂದು ಹನಿಯೂ ಇಲ್ವಾ? ಎಂಥ ಕಲ್ಲು ನೀನು. ನೆನಪಿರಲಿ, ಎತ್ತಬಹುದು. ಎತ್ತ-ಬಹುದು.

ಬನ್ನಿ, ಬನ್ನಿ ಡಾಕ್ಟರೇ! ಓ, ಡೈರೆಕ್ಟರಮ್ಮನವರೂ ಬಂದರು, ಎಲ್ಲರೂ ಬಂದರು. ಗಂಟಲು, ನೀನೂ ಬಾರಪ್ಪ, ಬಾಗಿಲಲ್ಲಿ ನಿಂತರೆ ಗಾಳಿ ಹೇಗೆ ಬರಬೇಕು. ಇಲ್ಲೇ ಮುಗಿಸಿಬಿಡೋಣ ಅಂತೀರಾ? ವೇದಿಕೆ ಬೇಡ್ವಾ? ಸರಿ ಸರಿ, ಟೀಚರಿಗೆ ಆಯಾಸ ಆಗಬಾರದು, ನಿಜ. ನಿಮ್ಮದು ದೊಡ್ಡ ಮನಸ್ಸು. ಕೇಳಿ, ಈಗಲೇ ಕೇಳಿಬಿಡಿ. ನೋಡೇ, ಡಾಕ್ಟರು ನಿನ್ನನ್ನ ಕೇಳ್ತಿದ್ದಾರೆ. ನಂಬಿ ಪರದೆ ಎತ್ತಬಹುದಾ ಅಂತ. ಹೇಳು.

ಹೇಳು.

ಡಾಕ್ಟರು ಕಾಯ್ತಿದ್ದಾರೆ ಕಣೇ. ಎಲ್ಲರೂ ಕಾಯ್ತಿದ್ದಾರೆ. ಹೌದೋ ಅಲ್ಲವೋ ಏನೋ ಒಂದು... ನೋಡಿದಿರಾ ಡಾಕ್ಟರೇ, ನಾನು ಹೇಳಿದ್ದೆನಲ್ಲ? ಪ್ರಶ್ನೆಯೇ ತಲೆಗೆ ಹೋಗಲಿಲ್ಲ. ಪಾಪ. ಮರೆತಳು. ಈ ಗೌರವ ಎಲ್ಲ ಅವಳಿಗೆ ಹಿಂಸೆ. ನನ್ನನ್ನೇ ಕೇಳಿ, ನಾನೇ ಹೇಳ್ತೀನಿ, ಎತ್ತಬಹುದು!

ಏನಮ್ಮಾ? ಈಗಲಾ? ಭಾಷಣ ಹೇಳಬೇಕಾ? ಇಲ್ಲೇ, ಹೀಗೇ? ಓಹೋ, ಧಾರಾಳವಾಗಿ! ಕತ್ತರಿ... ಅಂದರೆ ಡೈರೆಕ್ಟರಮ್ಮ, ನೀವು ಎಲ್ಲಿ ಬೇಕಾದರೂ ನಿಲ್ಲಿಸಿ ಕೇಳಿ. ಪುಸ್ತಕ ಬೇಡ, ಪ್ರಾಂಪ್ಟರ್ ಬೇಡ. ಸ್ವಲ್ಪ ಜಾಗ ಬಿಡಿ. ನೀನು ಎಲ್ಲಿಗೆ ಹೊರಟೆ? ಇಲ್ಲೇ ನಿಂತಿರು. ಇಲ್ಲಿ, ಎಡಗಡೆ. ಇನ್ನೂ ಸ್ವಲ್ಪ ಹತ್ತಿರ. ಹ್ಞಾ.

"ಈ ಸೇತುವೆ ದಾಟಿ ಹೋದವರ ಮುಖವೆಲ್ಲ ನಾನು ಬಲ್ಲೆ. ಮದುವೆಗೆ ಹೋದವರು, ಮಣ್ಣಿಗೆ ಹೋದವರು, ಕೋಪ ಮಾಡಿಕೊಂಡು ಹೋದವರು. ಯಾರನ್ನೂ ನಾನು ತಡೆಯಲಿಲ್ಲ. ತಡೆಯುವುದು ನನ್ನ ಕೆಲಸವಾಗಿರಲಿಲ್ಲ. ಆದರೆ ಆಚೆ ದಡದಲ್ಲಿ ಒಬ್ಬಳು... ಆಚೆ ದಡದಲ್ಲಿ..."

ಇದು ಅಭಿನಯ. ಇಲ್ಲಿ ಒಂದು ಮೌನ ಬರುತ್ತೆ, ಬೇಕಂತಲೇ ಕೊಡೋದು.

"ಆಚೆ ದಡದಲ್ಲಿ ಒಬ್ಬಳು..."

ಹೂಂ.

ಹೂಂ, ಕೊಡು.

ಆಚೆ ದಡದಲ್ಲಿ ಒಬ್ಬಳು, ಮುಂದೆ? ಕೊಡೇ. ಮೊದಲ ಅಕ್ಷರ ಸಾಕು, ಮಿಕ್ಕದ್ದು ನಾನು ನೋಡಿಕೊಳ್ತೀನಿ. ಬೆಳಿಗ್ಗೆ ಕೊಟ್ಟೆಯಲ್ಲ! ಬಾಗಿಲಾಚೆ ನಿಂತು ಕೊಟ್ಟೆಯಲ್ಲ! ಆಚೆ ದಡದಲ್ಲಿ ಒಬ್ಬಳು ಏನು ಮಾಡ್ತಿದ್ದಾಳೆ? ನಿಂತಿದ್ದಾಳಾ? ಕೂತಿದ್ದಾಳಾ? ಇಲ್ಲಿ ನೋಡು, ನನ್ನ ಮುಖ ನೋಡು. ತುಟಿಯಾದರೂ ಆಡಿಸು...

ಏನಂದಿರಿ ಡಾಕ್ಟರೇ? ಬಿಡಿ, ಟೀಚರಿಗೂ ಮರೆತು ಹೋಗಿರಬೇಕು, ಪಾಪ, ಅಂದಿರಾ? ಅವಳಿಗಾ? ಮರೆತು ಹೋಗಿರೋದಾ? ಎಲ್ಲಿಯ ಮರೆವು ಸಾರ್! ಗೊತ್ತು ಅವಳಿಗೆ! ಇದೂ ಗೊತ್ತು, ಇದರ ಮುಂದಿನದೂ ಗೊತ್ತು, "ಕಪ್ತಾನ" ಗೊತ್ತು, "ಔಷಧಿ ಅಂಗಡಿ" ಗೊತ್ತು, ನಾನು ಎಲ್ಲೆಲ್ಲಿ ನಿಂತೆ ಅನ್ನೋದೆಲ್ಲ ಗೊತ್ತು. ಬೇಕಂತಲೇ ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ! ಜೀವಮಾನದಲ್ಲಿ ಒಂದೇ ಒಂದು ಪದ ಮರೆತವಳಲ್ಲ ಸಾರ್ ಇವಳು!